ಮಾವನ ಹೆಸರಿನ ಬೈಕು, ನನ್ನ ಹೆಸರಿನ ಕೇಸು

ಶನಿವಾರ ರಾತ್ರಿ ಹತ್ತೂ ಮುಕ್ಕಾಲಿಗೆ, ಕುಡಿದು ಬೈಕಿನಲ್ಲಿ ಬರುತ್ತಿದ್ದಾಗ, ಪೊಲೀಸರ ಯಂತ್ರಕ್ಕೆ ಊದಿದೆ. ಯಂತ್ರ 84 ತೋರಿಸಿತು. ಅಲ್ಲಿಂದ ಶುರುವಾದ ಓಡಾಟ, ಹೋದ ವಾರ ಲೈಸೆನ್ಸ್ ಕೈಗೆ ಬಂದ ಮೇಲೆ ಬಹುಪಾಲು ಮುಗಿದಿದೆ. ಪೂರ್ತಿ ಮುಗಿದಿಲ್ಲ, ಅದನ್ನು ಕೊನೆಗೆ ಹೇಳುತ್ತೇನೆ. ಈ ಐದು ತಿಂಗಳಲ್ಲಿ ನಾಲ್ಕು ಜನ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದಾರೆ: "ಎಷ್ಟಾಯ್ತು? ಲಾಯರ್ ಬೇಕಾ? ಗಾಡಿ ಯಾವಾಗ ಕೊಟ್ರು?" ನಾಲ್ವರೂ ದನಿ ತಗ್ಗಿಸಿಯೇ ಕೇಳಿದ್ದು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ನಾನು ದಾವಣಗೆರೆಯ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಮನೆ ನಿಟುವಳ್ಳಿಯಲ್ಲಿ. ಆವತ್ತು ಸ್ಟಾಕಿನ ಲೆಕ್ಕ ತಾಳೆಯಾಗಿತ್ತು, ಮನಸ್ಸು ಹಗುರವಾಗಿತ್ತು. ಮೂವರು ಗೆಳೆಯರು ಎರಡು ಬೈಕಿನಲ್ಲಿ ಹರಿಹರದ ಕಡೆ ಹೊರಟು, ಬಾತಿ ದಾಟಿ ಒಂದು ಢಾಬಾದಲ್ಲಿ ಕೂತೆವು. ತಲೆಗೊಂದು ಕ್ವಾರ್ಟರು, ಶೇಂಗಾ, ಮೊಟ್ಟೆ ಬುರ್ಜಿ. ಮೊಟ್ಟೆ ತಿನ್ನುವುದೂ ನಮ್ಮ ಮನೆಯಲ್ಲಿ ಗೊತ್ತಿರಲಿಲ್ಲ.

ಊರೊಳಗೇ ಅಷ್ಟು ಬಾರ್‌ಗಳಿರುವಾಗ ಎಂಟು ಹತ್ತು ಕಿಲೋಮೀಟರ್ ಯಾಕೆ ಹೋದಿರಿ ಅಂತ ಆಮೇಲೆ ಪೊಲೀಸರೂ ಕೇಳಿದರು. ಉತ್ತರ ನಮ್ಮೂರಿನವರಿಗೆ ಗೊತ್ತು. ಊರೊಳಗಿನ ಬಾರಿನಲ್ಲಿ ಕೂತರೆ ಬಾಗಿಲಲ್ಲೇ ಯಾರಾದರೂ ನೆಂಟರು ಸಿಗುತ್ತಾರೆ, ಇಲ್ಲವೇ ಅಂಗಡಿಯ ಗಿರಾಕಿ ಸಿಗುತ್ತಾನೆ. ಮನೆಗೆ ತಂದು ಕುಡಿಯುವ ಮಾತೇ ಇಲ್ಲ. ಹಾಗಾಗಿ ನಮ್ಮಂಥವರು ಕುಡಿಯುವುದು ಯಾವಾಗಲೂ ನಡೆದುಕೊಂಡು ಮನೆ ಸೇರಲಾಗದಷ್ಟು ದೂರದಲ್ಲಿ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು ಎಂದಾಗ ನಾವು ಮೂವರೂ ಬೇಜಾರು ಮಾಡಿಕೊಂಡದ್ದು ನೆನಪಿದೆ. ಮುಂದಿನ ವರ್ಷ ಸಣ್ಣ ಊರುಗಳಿಗೆ ಆ ಅಂತರವನ್ನು 220 ಮೀಟರಿಗೆ ಇಳಿಸಿದರು, ನಗರದ ಮಿತಿಯೊಳಗಿನ ರಸ್ತೆಗಳಿಗೆ ಸಡಿಲ ಕೊಟ್ಟರು. ನಮಗೆ ಯಾವುದೂ ಅಡ್ಡಿಯಾಗಲಿಲ್ಲ. ಊರಲ್ಲಿ ಕೊಂಡು ಡಿಕ್ಕಿಯಲ್ಲಿಟ್ಟುಕೊಂಡು ಹೋಗುವುದನ್ನು ಕಲಿತೆವು, ಅಷ್ಟೆ.

ಇನ್ನೊಂದು ವಿಷಯ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕುಡಿದ ಮೇಲೆ ನಾನು ಎಂದೂ ಸೀದಾ ಮನೆಗೆ ಹೋದವನಲ್ಲ. ಪಾನ್ ಹಾಕಿಕೊಂಡು, ಏಲಕ್ಕಿ ಅಗಿಯುತ್ತಾ, ವಾಸನೆ ಹೋಗಲಿ ಅಂತ ಕುಂದವಾಡ ಕೆರೆಯ ಕಡೆ ಅರ್ಧ ಗಂಟೆ ಬೈಕಿನಲ್ಲೇ ಸುತ್ತುತ್ತಿದ್ದೆ. ಅವ್ವ ಮಲಗಿರಬೇಕು, ಹೆಂಡತಿಗೆ ಅನುಮಾನ ಬರಬಾರದು. ಅಂದರೆ ಕುಡಿದದ್ದನ್ನು ಮುಚ್ಚಿಡಲಿಕ್ಕೆ ಕುಡಿದು ಇನ್ನಷ್ಟು ದೂರ ಗಾಡಿ ಓಡಿಸುತ್ತಿದ್ದೆ. ಹತ್ತು ಹನ್ನೆರಡು ವರ್ಷ ಇದನ್ನು ಜಾಣತನ ಅಂದುಕೊಂಡಿದ್ದೆ.

ಆವತ್ತೂ ಹಾಗೇ ಸುತ್ತಿ, ಗಾಜಿನ ಮನೆ ಕಡೆಯಿಂದ ಶಾಮನೂರು ರಸ್ತೆಗೆ ಬಂದೆ. ಬ್ಯಾರಿಕೇಡು ಕಂಡಿತು. ತಿರುಗಿಸೋಣ ಅಂದುಕೊಳ್ಳುವಷ್ಟರಲ್ಲಿ ಟಾರ್ಚ್ ಮುಖಕ್ಕೇ ಬಿತ್ತು.

"ಊದ್ರಿ ಸಾರ್."

ಹೆಲ್ಮೆಟ್ ಇತ್ತು, ಬೈಕು ನೆಟ್ಟಗೇ ಬಂದಿತ್ತು, ಮಾತು ತೊದಲುತ್ತಿರಲಿಲ್ಲ. ನಾನು ಚೆನ್ನಾಗೇ ಇದ್ದೀನಲ್ಲ ಅಂತ ನಿಜವಾಗಿಯೂ ನಂಬಿದ್ದೆ. ಕಾನೂನು ನಾವು ಹೇಗಿದ್ದೇವೆ ಅಂತ ಕೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ನನ್ನದು ಹೆಚ್ಚೂಕಡಿಮೆ ಅದರ ಮೂರು ಪಟ್ಟು.

ಲೆಕ್ಕದವನಾದ್ದರಿಂದ ಆಮೇಲೆ ಕೂತು ಲೆಕ್ಕ ಹಾಕಿದೆ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಮದ್ಯಸಾರ. 30 ಮಿಲಿಯ ಒಂದು ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ. ಎಪ್ಪತ್ತು ಕೆಜಿ ತೂಕದ ಗಂಡಸಿಗೆ ಅಷ್ಟರಿಂದಲೇ 20ರ ಸುತ್ತ ಬರುತ್ತದೆ. ಎರಡನೇ ಸಣ್ಣ ಪೆಗ್ಗಿಗೆ 30ರ ಗೆರೆ ದಾಟಿದ ಹಾಗೆಯೇ. ನಾನು ಕುಡಿದದ್ದು 180 ಮಿಲಿ. ಇಳಿಯುವುದು ಗಂಟೆಗೆ ಸುಮಾರು 15ರಿಂದ 20 ಮಾತ್ರ. ನಿಂಬೆ ರಸ, ಕಾಫಿ, ತಣ್ಣೀರು, ವಾಂತಿ, ಯಾವುದೂ ಅದನ್ನು ಚುರುಕು ಮಾಡುವುದಿಲ್ಲ. ಏಲಕ್ಕಿ ಬಾಯಿಯ ವಾಸನೆಗೆ ಆದೀತು. ಯಂತ್ರ ಅಳೆಯುವುದು ಎದೆಯೊಳಗಿನಿಂದ ಬರುವ ಉಸಿರನ್ನು. "ಬರೀ ಬಿಯರ್ ಅಲ್ವಾ" ಅನ್ನುವವರಿಗೂ ಒಂದು ಮಾತು: 650 ಮಿಲಿಯ ಸ್ಟ್ರಾಂಗ್ ಬಾಟಲಿಯಲ್ಲಿ ಶೇ 8 ಇದ್ದರೆ ಅದು ನಾಲ್ಕು ಸಣ್ಣ ಪೆಗ್ಗಿಗೆ ಸಮ.

ನನ್ನ ಹಿಂದೆ ಇನ್ನೊಬ್ಬ ಹುಡುಗ ಸಿಕ್ಕಿದ್ದ. "ನಾನ್ ಊದಲ್ಲ, ಏನ್ ಮಾಡ್ತೀರೋ ಮಾಡ್ರಿ" ಅಂತ ಕೈ ಕಟ್ಟಿ ನಿಂತ. ಅವನನ್ನು ಜೀಪು ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಊದದೇ ಹೋದರೆ ಪಾರಾಗಬಹುದು ಅನ್ನುವುದು ತಪ್ಪು. ಸರಿಯಾದ ಕಾರಣವಿಲ್ಲದೆ ನಿರಾಕರಿಸಿದರೆ ಅದೇ ನಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬಲ ಕೊಡುತ್ತದೆ ಎಂದು ಕಾಯ್ದೆಯಲ್ಲೇ ಇದೆ. ಆದರೆ ಒಂದೆರಡನ್ನು ನಾವೂ ಕೇಳಿಕೊಳ್ಳಬಹುದು. ಊದುವ ಕೊಳವೆ ಹೊಸದೇ ಅಂತ ನೋಡಿಕೊಳ್ಳಿ. ಅಂಕಿ, ದಿನಾಂಕ, ಸಮಯ ಇರುವ ಚೀಟಿಯನ್ನು ಓದದೇ ಸಹಿ ಹಾಕಬೇಡಿ, ಅದರ ಫೋಟೊ ತೆಗೆದುಕೊಳ್ಳಿ. ಯಂತ್ರ ತಪ್ಪು ತೋರಿಸಿದೆ ಅಂತ ನಿಜವಾಗಿಯೂ ಅನ್ನಿಸಿದರೆ ರಕ್ತಪರೀಕ್ಷೆ ಮಾಡಿಸಿ ಅಂತ ಅಲ್ಲೇ, ಆ ಕ್ಷಣವೇ ಹೇಳಬೇಕು. ಮಾರನೇ ದಿನ ಹೇಳಿದರೆ ರಕ್ತದಲ್ಲಿ ಏನೂ ಉಳಿದಿರುವುದಿಲ್ಲ. ನನಗೆ ಅಂಥ ಅನುಮಾನವೇನೂ ಇರಲಿಲ್ಲ. ಸಹಿ ಹಾಕಿದೆ.

ಬೈಕು ಠಾಣೆಗೆ ಹೋಯಿತು. ಲೈಸೆನ್ಸ್ ಇಟ್ಟುಕೊಂಡರು. ಒಂದು ನೋಟಿಸು, ಒಂದು ರಸೀದಿ ಕೊಟ್ಟರು. ಇವೆರಡನ್ನೂ ಜೋಪಾನ ಮಾಡಿ. ನಾನು ನೋಟಿಸನ್ನು ಅಂಗಿ ಜೇಬಿನಲ್ಲೇ ಬಿಟ್ಟಿದ್ದೆ, ಭಾನುವಾರ ಬೆಳಿಗ್ಗೆ ಅದು ವಾಷಿಂಗ್ ಮಷೀನಿಗೆ ಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ಮನೆಗೆ ಆಟೊದಲ್ಲಿ ಬಂದೆ. 180 ರೂಪಾಯಿ. ಢಾಬಾದಿಂದಲೇ ಆಟೊ ಹಿಡಿದಿದ್ದರೂ 500 ದಾಟುತ್ತಿರಲಿಲ್ಲ.

ದಾರಿಯಲ್ಲಿ ಒಬ್ಬರಿಗೆ ಫೋನ್ ಮಾಡಿದೆ. ಯಾರು, ಯಾವ ಪಕ್ಷ ಅಂತ ಬೇಡ. ನಮ್ಮ ಬಡಾವಣೆಯಲ್ಲಿ ಯಾರ ಗಾಡಿ ಹಿಡಿದರೂ ಅವರಿಗೇ ಫೋನ್ ಹೋಗುತ್ತಿತ್ತು. 2011ರಲ್ಲಿ ನನ್ನ ಗೆಳೆಯನೊಬ್ಬ ಇದೇ ರೀತಿ ಸಿಕ್ಕಾಗ ಅವರ ಒಂದು ಮಾತಿಗೆ ಅರ್ಧ ಗಂಟೆಯಲ್ಲಿ ಬಿಟ್ಟಿದ್ದರು. ಆವತ್ತು ಬಿಡುಗಡೆಯ ಖುಷಿಗೆ ನಾವು ಮತ್ತೆ ಕುಡಿಯಲು ಹೋಗಿದ್ದೆವು, ಅದೇ ಬೈಕಿನಲ್ಲಿ. ಈಗ ಅವರು ಅಂದದ್ದು: "ಬೇರೆ ಏನಾದ್ರೂ ಕೇಳಪ್ಪಾ, ಡಿಡಿ ಕೇಸು ಮಾತ್ರ ಕೇಳಬ್ಯಾಡ. ಊದಿದ್ದು ಮಷೀನ್ನಾಗೆ ಉಳಿದಿರ್ತೈತಿ. ಅಲ್ದೆ, ಕುಡ್ದು ಗಾಡಿ ಹೊಡ್ದೋರನ್ನ ಬಿಡ್ರಿ ಅಂತ ಹೇಳಿದ್ರೆ ಅಲ್ಲಿ ಕೂತೋರು ನನ್ನ ಮುಖಾನೇ ನೋಡ್ತಾರೆ." ಡಿಡಿ ಅಂದರೆ ಡ್ರಂಕ್ ಅಂಡ್ ಡ್ರೈವ್, ಕುಡಿದು ಗಾಡಿ ಓಡಿಸಿದ ಕೇಸು. ಯಂತ್ರದ ಮಾತು ನನಗೆ ಅರ್ಥವಾಯಿತು. ಎರಡನೆಯದು ಮನಸ್ಸಿಗಿಳಿಯಲು ಹಲವು ದಿನ ಹಿಡಿಯಿತು. ಬಿಡಿಸುವುದೇ ದೊಡ್ಡಸ್ತಿಕೆಯಾಗಿದ್ದ ಕಡೆ ಈಗ ಬಿಡಿ ಅಂತ ಕೇಳುವುದೇ ಮಾನಗೇಡು.

ಮನೆಯಲ್ಲಿ ಬೈಕು ಗ್ಯಾರೇಜಿನಲ್ಲಿದೆ ಅಂದೆ. ಸೋಮವಾರ ಮಧ್ಯಾಹ್ನದವರೆಗೆ ಆ ಸುಳ್ಳು ಬಾಳಿಕೆ ಬಂತು.

ಸೋಮವಾರ ಠಾಣೆಗೆ ಹೋದೆ. ಕೋರ್ಟಿನ ದಿನಾಂಕ ಹನ್ನೆರಡು ದಿನ ಮುಂದಿತ್ತು. ಹೆಲ್ಮೆಟ್, ಸಿಗ್ನಲ್ ದಂಡದ ಹಾಗೆ ಇದನ್ನು ರಸ್ತೆಯಲ್ಲೋ ಮೊಬೈಲಿನಲ್ಲೋ ಕಟ್ಟಿ ಮುಗಿಸಲು ಆಗುವುದಿಲ್ಲ, ನ್ಯಾಯಾಧೀಶರ ಮುಂದೆ ನಿಲ್ಲಲೇಬೇಕು. ದಂಡ ಕಟ್ಟಿದ ರಸೀದಿ ತಂದರೆ ಗಾಡಿ ಕೊಡುತ್ತೇವೆ ಅಂದರು. ಬರೆಯುವ ಮೇಜಿನಲ್ಲಿದ್ದವರು ಆರ್‌ಸಿ ನೋಡಿ ತಲೆ ಎತ್ತಿದರು.

"ಗಾಡಿ ನಿಮ್ದಲ್ಲ?"

"ನಮ್ಮ ಮಾವಂದು ಸಾರ್. ನಾನೇ ಓಡ್ಸೋದು."

"ಹಂಗಂದ್ರೆ ಅವ್ರೇ ಬರ್ಲಿ. ಇಲ್ಲಾಂದ್ರೆ ಅವ್ರ ಸಹಿ ಇರೋ ಪತ್ರ, ಆಧಾರ್ ಜೆರಾಕ್ಸು ತಗಂಡ್ ಬರ್ರಿ."

ಕಾಲ ಕೆಳಗಿನ ನೆಲ ಜಾರಿತು. ಮದುವೆಯಾಗಿ ಕೆಲವು ವರ್ಷಕ್ಕೆ ಮಾವ ಕೊಡಿಸಿದ ಬೈಕು ಅದು. ಹೊಳಲ್ಕೆರೆ ತಾಲ್ಲೂಕಿನವರು, ಚಿತ್ರದುರ್ಗದಲ್ಲಿ ಕೊಂಡದ್ದು, ನಂಬರು ಕೆಎ 16. ಹನ್ನೊಂದು ವರ್ಷದಿಂದ ನನ್ನ ಹೆಸರಿಗೆ ಮಾಡಿಸಿಕೊಳ್ಳುವ ಗೋಜಿಗೇ ಹೋಗಿರಲಿಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರ್ಯಾರು ಅಪ್ಪನ, ಅಣ್ಣನ, ಮಾವನ ಹೆಸರಿನ ಗಾಡಿ ಓಡಿಸುತ್ತಿದ್ದೀರೋ, ಕುಡಿಯಿರಿ ಬಿಡಿ, ಮೊದಲು ಆರ್‌ಸಿ ತೆಗೆದು ನೋಡಿ. ಇನ್ನೊಂದು ಎಡವಟ್ಟೂ ಆಗಿತ್ತು. ವಿಮೆ ಚಾಲ್ತಿಯಲ್ಲಿತ್ತು, ಹೊಗೆ ತಪಾಸಣೆಯ ಚೀಟಿ ಮುಗಿದಿತ್ತು. ಠಾಣೆಯ ಅಂಗಳದಲ್ಲಿರುವ ಗಾಡಿಗೆ ಹೊಗೆ ತಪಾಸಣೆ ಮಾಡಿಸುವುದು ಹೇಗೆ? "ಬಿಡಿಸ್ಕೊಂಡ್ ಹೋದ ದಿನಾನೇ ಮಾಡ್ಸಿ" ಅಂತ ಅವರೇ ದೊಡ್ಡ ಮನಸ್ಸು ಮಾಡಿದರು.

ಆ ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. "ನಮ್ಮಪ್ಪಗೆ ನಾನು ಹೇಳಲ್ಲ ರೀ. ನೀವೇ ಹೇಳ್ರಿ" ಅಂದಳು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು.

ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗಿಂದ ಕುಡೀತಿಯೋ?"

ಗಾಡಿಯ ಬಗ್ಗೆ ಒಂದು ಮಾತೂ ಇಲ್ಲ. ಅವಳ ಮಟ್ಟಿಗೆ ನಾನು ಎಡವಿದ್ದು ಶಾಮನೂರು ರಸ್ತೆಯಲ್ಲಲ್ಲ, ಎಂದೋ ಮೊದಲ ಗ್ಲಾಸು ಹಿಡಿದ ದಿನ. ಇಳಕಲ್ಲಿನ ಮಹಾಂತ ಸ್ವಾಮಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ "ನಿಮ್ಮ ದುಶ್ಚಟ ಇದರೊಳಗೆ ಹಾಕಿ" ಅಂತ ಬೇಡುತ್ತಿದ್ದವರು. ಅವ್ವನ ತವರಿಗೆ ಜೋಳಿಗೆ ಬಂದಾಗ ನಮ್ಮಜ್ಜ ನಶ್ಯದ ಡಬ್ಬಿ ಹಾಕಿ ಸಾಯುವವರೆಗೆ ಮತ್ತೆ ಮುಟ್ಟಲಿಲ್ಲವಂತೆ. ಆ ಕಥೆಯನ್ನು ನೂರು ಸಲ ಹೇಳಿದವಳು ಆವತ್ತು ಹೇಳಲಿಲ್ಲ. ಎಂಟು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ತಟ್ಟೆಗೆ ರೊಟ್ಟಿ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ.

ಒಂಬತ್ತನೇ ಕ್ಲಾಸಿನ ಮಗಳು ಎರಡು ದಿನ ಬಿಟ್ಟು, ನಾನು ಒಬ್ಬನೇ ಇರುವಾಗ ಬಂದಳು. "ಅಪ್ಪಾ, ಟ್ಯೂಷನ್ನಿಂದ ನನ್ನ ಕರ್ಕೊಂಡು ಬರ್ತಿದ್ರಲ್ಲ, ಆವಾಗ್ಲೂ ಕುಡಿದಿದ್ರಾ?"

ಇಲ್ಲ ಅಂದೆ. ಸುಳ್ಳು. ಎರಡು ಸಲ ಕುಡಿದಿದ್ದೆ.

ಆಮೇಲೆ ಯೋಚಿಸಿದರೆ, ಇಡೀ ಮನೆಯಲ್ಲಿ, ನೆಂಟರಲ್ಲಿ, ಕುಡಿದು *ಓಡಿಸಿದ* ಬಗ್ಗೆ ಕೇಳಿದವಳು ಅವಳೊಬ್ಬಳೇ. ದೊಡ್ಡವರಿಗೆಲ್ಲ ಕುಡಿದದ್ದೇ ಪಾಪ, ಸಿಕ್ಕಿಬಿದ್ದದ್ದೇ ಅವಮಾನ. ಆ ಎರಡರ ನಡುವೆ ಬೈಕು ಯಾರಿಗೂ ಕಾಣಲಿಲ್ಲ. ಹಳ್ಳಿಯಲ್ಲಿ ಇನ್ನೂ ಒಂದು ಕಥೆ ಹೇಳುತ್ತಾರೆ: ದಾವಣಗೆರೆಯ ಪೇಟೆಗೆ ಹತ್ತಿ ಹಾಕಿ, ಹೆಂಡ ಕುಡಿದು ಗಾಡಿಯಲ್ಲೇ ಮಲಗಿದವನನ್ನು ಎತ್ತುಗಳೇ ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದವು ಅಂತ. ಎತ್ತಿಗೆ ದಾರಿ ಗೊತ್ತಿತ್ತು, ಸರಿ. ನಾವು ಬೈಕಿಗೆ ಬಂದ ಮೇಲೂ ಆ ಕಥೆಯನ್ನೇ ನಂಬಿಕೊಂಡು ಬಂದೆವು.

ಈಗ ಕೋರ್ಟು. ಎರಡು ಸಾವಿರ ಕೊಟ್ಟು ವಕೀಲರನ್ನು ಇಟ್ಟುಕೊಂಡೆ. ತಪ್ಪು ಒಪ್ಪಿಕೊಳ್ಳುವುದಾದರೆ ಬೇಕಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅಲ್ಲಿ ನನ್ನ ಜೊತೆ ನಿಂತವರಲ್ಲಿ ಇಬ್ಬರಿಗೆ ವಕೀಲರೇ ಇರಲಿಲ್ಲ, ಅವರಿಗೂ ನನಗೂ ಒಂದೇ ಶಿಕ್ಷೆ. ಕೇಸು ನಡೆಸುವ ಇರಾದೆ ಇದ್ದರೆ, ಅಪಘಾತವಾಗಿ ಯಾರಿಗಾದರೂ ಪೆಟ್ಟಾಗಿದ್ದರೆ ಮಾತ್ರ ವಕೀಲರಿಲ್ಲದೆ ಹೋಗಬೇಡಿ, ಅದು ಬೇರೆಯದೇ ದಾರಿ. ಒಪ್ಪಿಕೊಂಡರೆ ಅದು ಶಿಕ್ಷೆಯಾದ ಕೇಸು ಅಂತಲೇ ದಾಖಲಾಗುತ್ತದೆ ಅನ್ನುವುದನ್ನೂ ತಿಳಿದುಕೊಂಡೇ ಒಪ್ಪಿಕೊಳ್ಳಿ. ಕೋರ್ಟಿನ ಹೊರಗೆ "ಐದು ಸಾವಿರಕ್ಕೆ ಮುಗಿಸ್ತೀನಿ" ಅನ್ನುವವರು ಇಬ್ಬರು ಸಿಕ್ಕರು. ದುಡ್ಡು ಕೊಡಬೇಡಿ. ಮೊದಲ ಸಲದ ತಪ್ಪಿಗೆ ಕಾಯ್ದೆ ಹೇಳುವುದು 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲಕ್ಕೆ 15,000 ಅಥವಾ 2 ವರ್ಷದವರೆಗೆ ಜೈಲು ಅಥವಾ ಎರಡೂ. 2019ರ ಸೆಪ್ಟೆಂಬರ್ 1ಕ್ಕಿಂತ ಮುಂಚೆ ಮೊದಲ ತಪ್ಪಿಗೆ ಹೆಚ್ಚೆಂದರೆ 2,000 ಇತ್ತು. ಆ ತಿಂಗಳು ದಂಡ ಜಾಸ್ತಿಯಾಯಿತು ಅಂತ ಗಲಾಟೆಯೆದ್ದು ನಮ್ಮ ಸರ್ಕಾರ ಕೆಲವನ್ನು ಇಳಿಸಿತಲ್ಲ, ಹೆಲ್ಮೆಟ್ಟಿನದು 500ಕ್ಕೆ ಬಂದದ್ದು ಹಾಗೆ. ಕುಡಿದು ಓಡಿಸುವುದಕ್ಕೆ ಆ ರಿಯಾಯಿತಿ ಸಿಗಲಿಲ್ಲ.

ಹತ್ತೂವರೆಗೆ ಹೋದೆ. ನನ್ನ ಹೆಸರು ಕೂಗಿದ್ದು ಹನ್ನೆರಡೂ ಕಾಲಿಗೆ. ಆ ಪಡಸಾಲೆಯಲ್ಲಿ ಕೂತದ್ದೇ ನನಗಾದ ದೊಡ್ಡ ಶಿಕ್ಷೆ. ಜೀವನಾಂಶಕ್ಕೆ ಬಂದ ಹೆಣ್ಣುಮಗಳು, ಚೆಕ್ ಬೌನ್ಸಿನವರು, ಹೊಲದ ಬದುವಿನ ಜಗಳದವರು, ನಡುವೆ ಡಿಡಿ ಕೇಸಿನ ನಾವು ಆರು ಜನ. ಅಂಗಡಿಯ ಗಿರಾಕಿಯೊಬ್ಬರು ಅಲ್ಲೇ ಸಿಕ್ಕಿದರು, ಮಾಯಕೊಂಡದ ಕಡೆಯವರು. "ಏನ್ ಸಾರ್ ಇಲ್ಲಿ?" ಅಂದರು. "ಅಂಗಡಿ ಕೆಲಸ" ಅಂದೆ. ಐದು ನಿಮಿಷಕ್ಕೆ ನಮ್ಮ ಆರೂ ಜನರನ್ನು ಒಟ್ಟಿಗೆ ಕೂಗಿದರು.

ಒಳಗೆ ನಿಂತದ್ದು ಮೂರು ನಿಮಿಷವೂ ಇಲ್ಲ. ಆರೋಪ ಓದಿ ಹೇಳಿದರು, ಒಪ್ಪಿಕೊಳ್ಳುತ್ತೀರಾ ಅಂದರು, ಹೌದು ಸ್ವಾಮಿ ಅಂದೆ. ಬುದ್ಧಿಮಾತು ಬರುತ್ತದೆ ಅಂತ ಕಾದಿದ್ದೆ, ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ನನ್ನ ಮುಖವನ್ನೂ ನೋಡದೆ ಮುಂದಿನ ಕಾಗದ ತಿರುಗಿಸಿದರು. ಹತ್ತು ಸಾವಿರ ದಂಡ, ಕೋರ್ಟು ಏಳುವವರೆಗೆ ಸಾದಾ ಸೆರೆ. ಸೆರೆ ಅಂದಾಗ ಎದೆ ಧಸಕ್ಕೆಂದಿತು. ಗಾಬರಿಯಾಗಬೇಡಿ, ಆ ದಿನದ ಕಲಾಪ ಮುಗಿಯುವವರೆಗೆ ಕೋರ್ಟು ಬಿಟ್ಟು ಹೋಗುವಂತಿಲ್ಲ ಅಂತ ಅರ್ಥ. ಸಂಜೆಯವರೆಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಆವತ್ತು ಊಟದ ಡಬ್ಬಿ, ನೀರು ತೆಗೆದುಕೊಂಡು ಹೋಗಿ. ದಂಡದ ದುಡ್ಡನ್ನು ನಗದಾಗಿಯೇ ಇಟ್ಟುಕೊಂಡು ಹೋದದ್ದು ಒಳ್ಳೆಯದಾಯಿತು. ಒಬ್ಬ ಹುಡುಗನ ಹತ್ತಿರ ಆರು ಸಾವಿರವೇ ಇತ್ತು, ಅಣ್ಣ ಜಗಳೂರಿನಿಂದ ತರುವವರೆಗೆ ಅವನು ಪಟ್ಟ ಪಾಡು ನೋಡಲಾಗಲಿಲ್ಲ. ದಂಡದ ರಸೀದಿಯ ಮೂರು ಜೆರಾಕ್ಸ್ ಮಾಡಿಸಿ. ಒಂದು ಠಾಣೆಗೆ, ಒಂದು ಆರ್‌ಟಿಒಗೆ, ಒಂದು ನಿಮ್ಮ ಕಡತಕ್ಕೆ.

ಮಾವನಿಗೆ ಕೋರ್ಟಿನ ಹಿಂದಿನ ದಿನವೇ ಫೋನ್ ಮಾಡಿದ್ದೆ. ಪತ್ರ ಬರೆದು ಸಹಿ ಮಾಡಿ ಕಳಿಸಿದರೆ ಸಾಕು ಅಂದೆ. "ನಾನೇ ಬರ್ತೀನಿ ಬಿಡ್ರಿ" ಅಂದರು. ದಂಡ ಕಟ್ಟಿದ ಮಾರನೇ ದಿನ ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಬೆಳಿಗ್ಗೆ ಒಂಬತ್ತಕ್ಕೇ ಬಂದಿಳಿದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್. ಠಾಣೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ "ಗಾಡಿ ನಂದು ಸ್ವಾಮಿ" ಅಂದರು. ಅಲ್ಲಿದ್ದವರು ಅವರೇ ಕುಡಿದು ಸಿಕ್ಕಿಬಿದ್ದವರು ಅಂದುಕೊಂಡು ಮೇಲಿಂದ ಕೆಳಗೆ ನೋಡಿದರು. ಅಳಿಯ ಅಂತ ನಾನು ಹೇಳಬೇಕಾಗಿ ಬಂತು. ಅಷ್ಟು ಹೊತ್ತು ಮಾವ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದರು.

ಎರಡು ವಾರ ಬಿಸಿಲಲ್ಲಿ ನಿಂತ ಬೈಕು ಶುರುವಾಗಲಿಲ್ಲ. ಬ್ಯಾಟರಿಗೆ 1,350. ಲೈಸೆನ್ಸ್ ನನ್ನ ಕೈಯಲ್ಲಿರಲಿಲ್ಲವಾದ್ದರಿಂದ ಅಂಗಡಿಯ ಹುಡುಗನನ್ನು ಕರೆಸಿ ಅವನ ಕೈಲಿ ಮನೆಗೆ ಕಳಿಸಿದೆ. ಹೊಗೆ ತಪಾಸಣೆಯನ್ನೂ ಅವನೇ ಮಾಡಿಸಿಕೊಂಡು ಬಂದ.

ಮಾವನನ್ನು ಬೆಣ್ಣೆ ದೋಸೆಗೆ ಕರೆದುಕೊಂಡು ಹೋದೆ. ದೋಸೆ ಮುರಿಯುತ್ತಾ ಅವರು ಅಂದದ್ದು ಇಷ್ಟು: "ಅಳಿಯಂದ್ರೇ, ಕುಡೀಬ್ಯಾಡ್ರಿ ಅಂತ ಹೇಳಕ್ಕೆ ನಾನು ಬಂದಿಲ್ಲ. ನಾನೂ ಕುಡ್ದೋನೇ. ತೋಟದ ಮನ್ಯಾಗೆ ಕುಡಿತಿದ್ದೆ, ಅಲ್ಲೇ ಮಕ್ಕಂತಿದ್ದೆ. ನಿಮ್ಮತ್ತೆಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ಅದ್ಕೇ ಎಲ್ಲಿಗೂ ಓಡ್ಬೇಕಾಗಿರ್ಲಿಲ್ಲ." ನಾನು ಪರ್ಸು ತೆಗೆಯುವಷ್ಟರಲ್ಲಿ ಅವರೇ ಬಿಲ್ಲು ಕೊಟ್ಟಾಗಿತ್ತು.

ಎಲ್ಲ ಮುಗಿಯಿತು ಅಂದುಕೊಂಡವನಿಗೆ ಐದು ವಾರ ಬಿಟ್ಟು ಆರ್‌ಟಿಒ ನೋಟಿಸು ಬಂತು. ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ: ಕೋರ್ಟಿನ ದಂಡ ಬೇರೆ, ಲೈಸೆನ್ಸಿನ ಅಮಾನತು ಬೇರೆ. ಪೊಲೀಸರು ಇಟ್ಟುಕೊಂಡ ಲೈಸೆನ್ಸು ಆರ್‌ಟಿಒಗೆ ಹೋಗುತ್ತದೆ, ಯಾಕೆ ಅಮಾನತು ಮಾಡಬಾರದು ಅಂತ ಅವರು ಕೇಳುತ್ತಾರೆ, ನಮ್ಮ ಅಹವಾಲು ಕೇಳಿ ಆದೇಶ ಮಾಡುತ್ತಾರೆ. ಸುಪ್ರೀಂ ಕೋರ್ಟು ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಇಂಥ ತಪ್ಪುಗಳಿಗೆ ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಅಂತ ರಾಜ್ಯಗಳಿಗೆ ಬರೆದಿತ್ತು. ನನಗೂ ಮೂರು ತಿಂಗಳು. ನೌಕರಿಗೆ ತೊಂದರೆ ಅಂತ ಅರ್ಜಿಯಲ್ಲಿ ಬರೆದೆ, ಪ್ರಯೋಜನವಾಗಲಿಲ್ಲ. ನೋಟಿಸಿಗೆ ಹೋಗದೇ ಇರಬೇಡಿ, ನಿಮ್ಮನ್ನು ಬಿಟ್ಟೇ ಆದೇಶವಾಗುತ್ತದೆ. ಆದೇಶದ ಪ್ರತಿ ಪಡೆದು ಎಂದಿನಿಂದ ಎಂದಿನವರೆಗೆ ಅಂತ ಬರೆದಿಟ್ಟುಕೊಳ್ಳಿ. ಆ ಅವಧಿಯಲ್ಲಿ ಹಾಲು ತರಲಿಕ್ಕೂ ಗಾಡಿ ಮುಟ್ಟಬೇಡಿ. ಅಮಾನತಿನಲ್ಲಿದ್ದಾಗ ಓಡಿಸಿ ಸಿಕ್ಕರೆ ಅದಕ್ಕೆ ಬೇರೆಯೇ 10,000 ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ.

ಅಂಗಡಿಯಲ್ಲಿ ಮುಚ್ಚಿಡುವ ಮಾತೇ ಇರಲಿಲ್ಲ. ಗೋದಾಮಿನ ಪಿಕಪ್ ಅನ್ನು ಆಗಾಗ ನಾನೇ ಓಡಿಸುತ್ತಿದ್ದೆ. ಸಾಹುಕಾರರು ಬೈಯಲಿಲ್ಲ. "ಕುಡಿದು ಓಡ್ಸಿ ಗುದ್ದಿದ್ರೆ ಗಾಡಿ ರಿಪೇರಿಗೆ ಇನ್ಶೂರೆನ್ಸ್‌ನೋರು ಒಂದ್ ರೂಪಾಯಿ ಕೊಡಲ್ಲ" ಅಂದು ಕೀಲಿಯನ್ನು ತಮ್ಮ ಡ್ರಾಯರಿಗೆ ಹಾಕಿಕೊಂಡರು. ಲೈಸೆನ್ಸ್ ಬಂದ ಮೇಲೂ ಅದು ಅಲ್ಲೇ ಇದೆ.

ನಮ್ಮಲ್ಲಿ ಇಪ್ಪತ್ನಾಲ್ಕರ ಇಬ್ಬರು ಹುಡುಗರಿದ್ದಾರೆ. ನನಗಿಂತ ಹೆಚ್ಚು ಕುಡಿಯುತ್ತಾರೆ, ಬಚ್ಚಿಟ್ಟುಕೊಳ್ಳುವುದೂ ಕಡಿಮೆ. ಅವರ ಗುಂಪಿನಲ್ಲಿ ಸರದಿ ಇದೆಯಂತೆ, ಯಾರ ಸರದಿಯೋ ಅವನು ಆವತ್ತು ಬರೀ ಸೋಡಾ. "ನಿಮ್ ಕಾಲದೋರು ಯಾಕ್ ಸಾರ್ ಹಿಂಗ್ ಮಾಡ್ತೀರಿ" ಅಂದಾಗ ನಲವತ್ತೆರಡಕ್ಕೆ ನಾನು ಒಂದು ಕಾಲದವನಾಗಿಬಿಟ್ಟೆ. ಅವರದು ಧರ್ಮಬುದ್ಧಿ ಅಂತ ನಾನೇನೂ ನಂಬಿಲ್ಲ, ಹತ್ತು ಸಾವಿರದ ಭಯವೂ ಇರಬಹುದು. ಯಾವುದಾದರೇನು, ಸೋಡಾ ಕುಡಿದವನೇ ಗಾಡಿ ಓಡಿಸುತ್ತಾನಲ್ಲ. ಇತ್ತ ನನ್ನ ವಯಸ್ಸಿನವರು ಬೀಗರೂಟಗಳಲ್ಲಿ ಇನ್ನೂ "ಒಳದಾರಿಲಿ ಹೋಗು, ಅಲ್ಲಿ ಚೆಕಿಂಗ್ ಇರಲ್ಲ" ಅಂತಲೇ ಬೀಳ್ಕೊಡುತ್ತಾರೆ. ಆ ಮಾತು ನನ್ನ ಬಾಯಲ್ಲೂ ಎಷ್ಟು ಸಲ ಬಂದಿದೆಯೋ.

ಖರ್ಚು ಕೇಳುವವರಿಗೆ: ದಂಡ 10,000, ವಕೀಲರು 2,000, ಬ್ಯಾಟರಿ 1,350. ಕೆಲಸಕ್ಕೆ ರಜೆ ಹಾಕಿದ್ದು ಐದು ದಿನ, ಅದರ ಸಂಬಳ ಸುಮಾರು 3,500. ಆಟೊ, ಸಿಟಿ ಬಸ್ಸು, ಜೆರಾಕ್ಸು ಎಲ್ಲ ಸೇರಿ 4,000ದ ಮೇಲಾಯಿತು. ಹತ್ತಿರ ಹತ್ತಿರ 21,000. ಅವ್ವನ ಎಂಟು ದಿನದ ಲೆಕ್ಕ ಇದರಲ್ಲಿಲ್ಲ. ಒಂಬತ್ತನೇ ದಿನ ಅವಳು ಮಾತಾಡಿದಳು, ಅದೂ ಕುಡಿತದ ಬಗ್ಗೆಯಲ್ಲ, ಗ್ಯಾಸ್ ಸಿಲಿಂಡರ್ ಬಗ್ಗೆ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗು ಅಂತ ಸೊಸೆಯ ಕೈಲಿ ಹೇಳಿಸಿದ್ದಾಳೆ. ಹೋಗಿಲ್ಲ ಇನ್ನೂ. ಈ ಐದು ತಿಂಗಳು ಕುಡಿದೂ ಇಲ್ಲ. ಮುಂದೆ ಕುಡಿದರೆ ಮನೆಯಲ್ಲಿ ಹೇಳಿಯೇ ಹೋಗುತ್ತೇನೆ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೇನೆ. "ಹೇಳಿ ಹೋಗ್ರಿ, ಕೀಲಿ ಇಟ್ಟು ಹೋಗ್ರಿ" ಅಂದಳು.

ಇನ್ನು ಉಳಿದದ್ದು. ಲೈಸೆನ್ಸ್ ಬಂದ ಸಂಜೆ ಮಾವನಿಗೆ ಫೋನ್ ಮಾಡಿ ತಿಳಿಸಿದೆ. ಸಂತೋಷ ಅಂದು, ತುಸು ತಡೆದು, "ಆ ಗಾಡೀನ ನಿಮ್ಮ ಹೆಸ್ರಿಗೆ ಮಾಡಿಸ್ಕೊಂಬಿಡ್ರಿ" ಅಂದರು. ಫಾರಂ 29, ಫಾರಂ 30 ತುಂಬಿ ಕಳಿಸಿದೆ, ಅವರು ಸಹಿ ಮಾಡಿ ಕಳಿಸಿದರು. ಮೊನ್ನೆ ಅರ್ಜಿ ವಾಪಸ್ ಬಂದಿದೆ, ಹನ್ನೊಂದು ವರ್ಷದ ಹಿಂದಿನ ಸಹಿಗೂ ಈಗಿನ ಸಹಿಗೂ ತಾಳೆಯಾಗುತ್ತಿಲ್ಲವಂತೆ. ಮಾವನಿಗೆ ಈಗ ಕೈ ನಡುಗುತ್ತದೆ. ಹೊಸ ಫಾರಂ ಹಿಡಿದು ನಾಳೆ ಬೆಳಗಿನ ರೈಲಿಗೆ ಚಿಕ್ಕಜಾಜೂರಿಗೆ ಹೊರಟಿದ್ದೇನೆ.